ಒರ್ಲಾಂಡೊ ಪ್ರವಾಸ: ಅರ್ಧ ರಜೆ ಬಸ್ಸಲ್ಲಿ, ಅರ್ಧ ರಜೆ ಬಾಡಿಗೆ ಕಾರಲ್ಲಿ

ಅಮೆರಿಕದ ಫ್ಲಾರಿಡಾದಲ್ಲಿರುವ ಒರ್ಲಾಂಡೊಗೆ ಹೋಗುವುದು ಗಟ್ಟಿಯಾದ ಮೇಲೆ ಮನೆಯಲ್ಲಿ ಮೊದಲ ವಾದ ನಡೆದದ್ದು ಕಾರಿನ ಮೇಲೆ. "ಅಮೆರಿಕದಲ್ಲಿ ಕಾರಿಲ್ಲದೆ ಹಾಲು ತರೋಕೂ ಆಗಲ್ಲ ಕಣೇ. ಏರ್‌ಪೋರ್ಟಲ್ಲೇ ತಗೊಂಡುಬಿಡೋಣ" ಅಂದರು ನಮ್ಮ ಮನೆಯವರು. ನನಗೆ ಒಪ್ಪಿಗೆಯಾಗಲಿಲ್ಲ. ಬೆಳಿಗ್ಗೆ ಡಿಸ್ನಿ ಪಾರ್ಕಿನ ಒಳಗೆ ಹೋದರೆ ಹೊರಗೆ ಬರುವುದು ರಾತ್ರಿ. ಅಷ್ಟು ಹೊತ್ತು ಕಾರು ಬಿಸಿಲಲ್ಲಿ ಸುಮ್ನೆ ನಿಂತಿರುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ, ಅಲ್ವಾ?

ಹಾಗಾಗಿ ಟಿಕೆಟ್ಟಿನ ಲೆಕ್ಕವನ್ನೂ ಕಾರಿನ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದೆ. ಯಾವ ದಿನ ಎಲ್ಲಿ, ಆ ದಿನ ಕಾರು ಬೇಕೋ ಬೇಡವೋ, ಅಷ್ಟೇ.

ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕ್ ಅಂದುಕೊಂಡವರು ನಮ್ಮಲ್ಲಿ ಬಹಳ ಜನ. ಅದು ಸುಮಾರು 43 ಚದರ ಮೈಲಿಯ ಜಾಗ. ಅದರಲ್ಲಿ ಮ್ಯಾಜಿಕ್ ಕಿಂಗ್‌ಡಮ್ (1971), ಎಪ್ಕಾಟ್ (1982), ಹಾಲಿವುಡ್ ಸ್ಟುಡಿಯೋಸ್ (1989), ಅನಿಮಲ್ ಕಿಂಗ್‌ಡಮ್ (1998) ಎಂಬ ನಾಲ್ಕು ದೊಡ್ಡ ಪಾರ್ಕುಗಳು, ಜೊತೆಗೆ ನೀರಿನ ಪಾರ್ಕುಗಳು, ಹೋಟೆಲುಗಳು. ಡಿಸ್ನಿಯ ಹೋಟೆಲಲ್ಲೇ ಉಳಿದರೆ ಎಲ್ಲ ಪಾರ್ಕಿಗೂ ಬಸ್ಸು ಪುಕ್ಕಟೆ. ಹೊರಗೆ ಉಳಿದು ಕಾರಲ್ಲಿ ಬಂದರೆ ಪಾರ್ಕಿಂಗಿಗೇ ದಿನಕ್ಕೆ 30 ಡಾಲರಿಗೆ ಕಡಿಮೆಯಿಲ್ಲ. ಆದರೆ ಯೂನಿವರ್ಸಲ್ ಕಂಪನಿಯ ಪಾರ್ಕುಗಳು, ರಾಕೆಟ್ ಹಾರಿಸುವ ಕೆನೆಡಿ ಸ್ಪೇಸ್ ಸೆಂಟರ್, ಕಾಡಿನೊಳಗಿನ ಬುಗ್ಗೆಗಳು ಇವೆಲ್ಲ ಬೇರೆ ಬೇರೆ ದಿಕ್ಕಿಗೆ. ನಾವಿಬ್ಬರು, ಅತ್ತೆ, ಮಗಳು, ಮಗ ಪುಟ್ಟ, ಹೀಗೆ ಐದು ಜನ ಪ್ರತಿ ಸಲ ಕ್ಯಾಬ್ ಹಿಡಿದರೆ ಕೈ ಸುಡುತ್ತದೆ. ಹಾಳೆಯ ಮೇಲೆ ಉತ್ತರ ತಾನಾಗೇ ಬಂತು: ಮೊದಲ ಅರ್ಧ ಡಿಸ್ನಿ, ಕಾರು ಬೇಡ. ಎರಡನೇ ಅರ್ಧ ಕಾರು, ಡಿಸ್ನಿ ಬೇಡ.

ದಿನಾಂಕದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ನಮ್ಮ ಮಕ್ಕಳಿಗೆ ಏಪ್ರಿಲ್, ಮೇ ರಜೆ. ಫ್ಲಾರಿಡಾದ ಶಾಲೆಗಳು ಮೇ ಕೊನೆಯವರೆಗೂ ನಡೆಯುತ್ತಿರುತ್ತವೆ. ಈಸ್ಟರ್ ಮುಗಿದ ಮೇಲೆ, ಅವರ ಬೇಸಿಗೆ ರಜೆ ಶುರುವಾಗುವ ಮೊದಲು ಹೋದರೆ ಜನವೂ ಕಡಿಮೆ, ರೇಟೂ ಕಡಿಮೆ. ನಾವು ಮೇ ಮೊದಲ ಭಾಗ ಹಿಡಿದೆವು.

ಡಿಸ್ನಿ ಟಿಕೆಟ್ಟಿಗೆ ಒಂದೇ ಬೆಲೆ ಅಂತ ಇಲ್ಲ. ದಿನಾಂಕಕ್ಕೆ ತಕ್ಕ ಹಾಗೆ ಒಂದು ದಿನದ ಟಿಕೆಟ್ 120 ಡಾಲರ್ ಆಸುಪಾಸಿನಿಂದ ಕ್ರಿಸ್‌ಮಸ್ ವಾರದಲ್ಲಿ 200ರ ಹತ್ತಿರಕ್ಕೆ ಹೋಗುತ್ತದೆ. ಮೇಲೆ ತೆರಿಗೆ ಬೇರೆ. ದಿನ ಜಾಸ್ತಿ ತಗೊಂಡಷ್ಟೂ ದಿನದ ಲೆಕ್ಕದಲ್ಲಿ ಇಳಿಯುತ್ತದೆ. ಮೂರರಿಂದ ಒಂಬತ್ತು ವರ್ಷದವರಿಗೆ ಮಕ್ಕಳ ಟಿಕೆಟ್, ಹತ್ತಾದರೆ ದೊಡ್ಡವರ ಟಿಕೆಟ್. ಮಗಳಿಗೆ ಹತ್ತು ತುಂಬುವುದು ಜುಲೈನಲ್ಲಿ. ಮುಂದಿನ ವರ್ಷಕ್ಕೆ ತಳ್ಳದೆ ಈ ವರ್ಷವೇ ಹೊರಟಿದ್ದಕ್ಕೆ ಅದೂ ಒಂದು ಕಾರಣ. ಆದರೆ ಮಕ್ಕಳ ಟಿಕೆಟ್ಟಿಗೂ ದೊಡ್ಡವರದ್ದಕ್ಕೂ ಇರುವ ಫರಕು ಕೆಲವೇ ಡಾಲರ್. ನಮ್ಮ ಕೆಎಸ್‌ಆರ್‌ಟಿಸಿ ಅರ್ಧ ಟಿಕೆಟ್ಟಿನ ಆಸೆ ಇಟ್ಟುಕೊಂಡು ಹೋಗಬೇಡಿ.

ಇನ್ನೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ಮೂರು ದಿನದ ಟಿಕೆಟ್ ತಗೊಂಡರೆ ಮೂರು ದಿನವೂ ಒಂದರ ಹಿಂದೆ ಒಂದು ಹೋಗಬೇಕಿಲ್ಲ. ಐದು ದಿನದೊಳಗೆ ಯಾವ ಮೂರು ದಿನವಾದರೂ ಆಗುತ್ತದೆ. ಎರಡು ದಿನದ್ದಕ್ಕೆ ನಾಲ್ಕು ದಿನದ ಅವಕಾಶ. ಮನೆಯವರಿಗೆಲ್ಲ ಒಂದೇ ಥರದ ಟಿಕೆಟ್ ಬೇಕು ಅಂತಲೂ ಇಲ್ಲ. ಅತ್ತೆಗೆ ಮಂಡಿ ನೋವು. ಅವರಿಗೆ ಎರಡೇ ದಿನದ್ದು, ನಮಗೆ ಮೂರು ದಿನದ್ದು. ಒಂದೇ ದಿನ ಎರಡು ಮೂರು ಪಾರ್ಕಿಗೆ ನುಗ್ಗುವ 'ಪಾರ್ಕ್ ಹಾಪರ್' ಬಿಟ್ಟುಬಿಟ್ಟೆವು. ಒಂದು ಪಾರ್ಕ್ ನೋಡಿ ಮುಗಿಸುವಷ್ಟರಲ್ಲೇ ಕಾಲು ಬಿದ್ದುಹೋಗುತ್ತದೆ.

ಹಾಲಿವುಡ್ ಸ್ಟುಡಿಯೋಸನ್ನೂ ಬಿಟ್ಟೆವು. ಮಗಳು ಒಂದು ದಿನ ಮುನಿಸಿಕೊಂಡಳು.

ಮಿಂಚಿನ ಸಾಲು, ಅದೇ 'ಲೈಟ್ನಿಂಗ್ ಲೇನ್', ಕಾಸು ಕೊಟ್ಟು ಕ್ಯೂ ತಪ್ಪಿಸುವ ವ್ಯವಸ್ಥೆ. 2024ರ ಜುಲೈಯಿಂದ ಇದನ್ನು ಮುಂಚಿತವಾಗಿ ಬುಕ್ ಮಾಡಬಹುದು. ಡಿಸ್ನಿ ಹೋಟೆಲಲ್ಲಿ ಇರುವವರಿಗೆ ಏಳು ದಿನ ಮೊದಲು, ಹೊರಗಿನವರಿಗೆ ಮೂರು ದಿನ ಮೊದಲು. ಅಲ್ಲಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ಮೇ ತಿಂಗಳಲ್ಲಿ ಅಂದರೆ ನಮಗೆ ಸಂಜೆ ನಾಲ್ಕೂವರೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನು. ಮ್ಯಾಜಿಕ್ ಕಿಂಗ್‌ಡಮ್ ದಿನಕ್ಕೆ ಮಾತ್ರ ತಗೊಂಡೆ. ಅಲ್ಲಿ ಸಣ್ಣ ಮಕ್ಕಳು ಹತ್ತುವ ರೈಡುಗಳು ಜಾಸ್ತಿ, ಕ್ಯೂನೂ ಜಾಸ್ತಿ. ಉಳಿದ ಪಾರ್ಕುಗಳಿಗೆ ಬೆಳಿಗ್ಗೆ ಬೇಗ ಹೋದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇವರು ಈ ನಡುವೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡರು. ಸಾರಥಿ ವೆಬ್‌ಸೈಟಲ್ಲಿ ಅರ್ಜಿ, ಸಾವಿರ ರೂಪಾಯಿ ಫೀಸು, ಒಂದು ವರ್ಷದ ಅವಧಿ. ನಮ್ಮ ಲೈಸೆನ್ಸು ಇಂಗ್ಲಿಷಿನಲ್ಲೇ ಇರುವುದರಿಂದ ಫ್ಲಾರಿಡಾದಲ್ಲಿ ಇದು ಬೇಕೇ ಬೇಕು ಅಂತಿಲ್ಲ. ಆದರೂ ಕೌಂಟರಲ್ಲಿ ಯಾರಾದರೂ ಕೇಳಿದರೆ ವಾದ ಮಾಡುತ್ತಾ ನಿಲ್ಲುವುದಕ್ಕಿಂತ ತೋರಿಸುವುದು ಸುಲಭ.

ಶನಿವಾರ

ಬೆಂಗಳೂರಿಂದ ದುಬೈ, ದುಬೈಯಿಂದ ನೇರ ಒರ್ಲಾಂಡೊ. ಎರಡನೇ ಹಾರಾಟ ಹತ್ತಿರ ಹತ್ತಿರ ಹದಿನಾರು ಗಂಟೆ. ಸೂಟ್‌ಕೇಸಿನ ಚೀಟಿಯಲ್ಲಿ 'ಎಂಸಿಒ' ಅಂತ ಇತ್ತು. ಅತ್ತೆ ಅದನ್ನು ನೋಡಿ "ಬೇರೆ ಊರಿಗೆ ಹೋಗ್ತಿದೆಯೇನೋ ನೋಡಮ್ಮ" ಅಂತ ಎರಡು ಸಲ ಕೇಳಿದರು. ಆ ಏರ್‌ಪೋರ್ಟ್ ಮೊದಲು ಮೆಕಾಯ್ ಅನ್ನುವ ವಾಯುಪಡೆ ನೆಲೆಯಾಗಿತ್ತು. ಆ ಹೆಸರಿನ ಅಕ್ಷರಗಳೇ ಉಳಿದುಕೊಂಡಿವೆ.

ಇಮಿಗ್ರೇಷನ್ ಮುಗಿಸಿ ಹೊರಬಂದಾಗ ಪುಟ್ಟ ಟ್ರಾಲಿ ಮೇಲೆ ಮಲಗಿಬಿಟ್ಟಿದ್ದ. ಇವರ ಕಣ್ಣೂ ಕೆಂಪಗೆ. ಬಾಡಿಗೆ ಕಾರಿನ ಕೌಂಟರುಗಳ ಮುಂದೆ ಉದ್ದ ಸಾಲು. ಈ ಕಣ್ಣಲ್ಲಿ, ಎಡಗಡೆ ಸ್ಟೀರಿಂಗ್ ಹಿಡಿದು, ರಸ್ತೆಯ ಬಲಕ್ಕೆ ಓಡಿಸುವುದು! ನಾನು ಏನೂ ಹೇಳಲಿಲ್ಲ. ಅವರೇ "ಕ್ಯಾಬ್ ಕರೆಯೋಣ" ಅಂದರು. ದೊಡ್ಡ ಕ್ಯಾಬ್ ಬಂತು.

ಉಳಿದದ್ದು ಪಾಪ್ ಸೆಂಚುರಿ ಅನ್ನುವ ಹೋಟೆಲು. ಡಿಸ್ನಿ ಹೋಟೆಲುಗಳಲ್ಲಿ ಅಗ್ಗದ ಗುಂಪಿನದ್ದು. ಒಂದು ರೂಮಿಗೆ ನಾಲ್ಕೇ ಜನ, ಹಾಗಾಗಿ ಎರಡು ರೂಮು. ಇದನ್ನೇ ಆರಿಸಿದ್ದು ಬಾಗಿಲ ಮುಂದಿನ ಸ್ಕೈಲೈನರಿಗಾಗಿ. 2019ರಿಂದ ಓಡುತ್ತಿರುವ ಕೇಬಲ್ ಕಾರು ಅದು. ಎಪ್ಕಾಟಿಗೂ ಹಾಲಿವುಡ್ ಸ್ಟುಡಿಯೋಸಿಗೂ ಗಾಳಿಯಲ್ಲೇ ಹೋಗಬಹುದು.

ಭಾನುವಾರ

ಟಿಕೆಟ್ ಇಲ್ಲದ ದಿನ. ಬೆಳಗಿನ ಜಾವ ಮೂರಕ್ಕೆ ಎಲ್ಲರಿಗೂ ಎಚ್ಚರ, ಮಧ್ಯಾಹ್ನ ಎರಡಕ್ಕೆ ಎಲ್ಲರಿಗೂ ನಿದ್ದೆ. ಮಧ್ಯೆ ಈಜುಕೊಳ. ಇಳಿದ ಮರುದಿನವೇ ಪಾರ್ಕ್ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಆಶ್ಚರ್ಯ. ತಲೆಗೆ ನೂರೈವತ್ತು ಡಾಲರ್ ಕೊಟ್ಟು ಬೆಂಚಿನ ಮೇಲೆ ತೂಕಡಿಸುವುದು ಯಾಕೆ?

ನಮ್ಮ ಕಡೆಯ ಕೆಟಲ್ ಅಲ್ಲಿನ 120 ವೋಲ್ಟಿಗೆ ಸರಿಯಾಗಿ ಕಾಯುವುದಿಲ್ಲ. ರೂಮಿನ ಕಾಫಿ ಯಂತ್ರದಲ್ಲಿ ಬಿಸಿನೀರು ಹಿಡಿದು ಉಪ್ಪಿಟ್ಟಿನ ಪೊಟ್ಟಣಕ್ಕೆ ಹಾಕಿ ಮುಚ್ಚಿಟ್ಟೆ. ಐದು ನಿಮಿಷಕ್ಕೆ ತಿಂಡಿ ರೆಡಿ.

ಸೋಮವಾರ

ಮ್ಯಾಜಿಕ್ ಕಿಂಗ್‌ಡಮ್. ಅತ್ತೆ ರೂಮಲ್ಲೇ ಉಳಿದರು.

ಬಸ್ಸಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಕಾರಲ್ಲಿ ಬಂದವರು ಕೆರೆಯ ಆಚೆ ದಡದಲ್ಲಿ ನಿಲ್ಲಿಸಿ, ಅಲ್ಲಿಂದ ಮೋನೊರೈಲಿನಲ್ಲೋ ದೋಣಿಯಲ್ಲೋ ಈಚೆ ಬರಬೇಕು. ನಮ್ಮ ಬಸ್ಸು ಗೇಟಿನ ಹತ್ತಿರವೇ ಇಳಿಸಿತು. ಗೇಟಿನಲ್ಲಿ ಟಿಕೆಟ್ ತೋರಿಸಿ ಬೆರಳು ಇಡಬೇಕು. ಒಬ್ಬರ ಟಿಕೆಟ್ ಇನ್ನೊಬ್ಬರು ಬಳಸಬಾರದು ಅಂತ ಈ ವ್ಯವಸ್ಥೆ. ಉಳಿದ ದಿನಗಳ ಟಿಕೆಟ್ ಅಂತ ಅರ್ಧ ಬೆಲೆಗೆ ಯಾರಾದರೂ ಕೊಟ್ಟರೆ ತಗೊಳ್ಳಬಾರದು ಅನ್ನುವುದು ಇದಕ್ಕೇ. 'ಟಿಕೆಟ್ ಪುಕ್ಕಟೆ' ಅನ್ನುವ ಬೋರ್ಡುಗಳ ಹಿಂದೆ ಸಾಮಾನ್ಯವಾಗಿ ಟೈಮ್‌ಶೇರ್, ಅಂದರೆ ರಜೆಮನೆಯಲ್ಲಿ ವರ್ಷಕ್ಕೆ ಕೆಲವು ದಿನದ ಪಾಲು, ಮಾರುವವರು ಕೂತಿರುತ್ತಾರೆ. ಅರ್ಧ ದಿನ ಅವರ ಭಾಷಣ ಕೇಳಬೇಕು.

ಡಿಸ್ನಿ ಹೋಟೆಲಲ್ಲಿ ಇರುವವರಿಗೆ ಅರ್ಧ ಗಂಟೆ ಮೊದಲು ಪ್ರವೇಶ. ಆ ಅರ್ಧ ಗಂಟೆಯಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಅನ್ನುವ ರೈಡು ಮುಗಿಸಿದೆವು. ಆಮೇಲೆ ನೋಡಿದರೆ ಅದೇ ಕ್ಯೂ ಗಂಟೆ ದಾಟಿತ್ತು.

ಮಕ್ಕಳಿರುವವರು ಟಿಕೆಟ್ ತಗೊಳ್ಳುವ ಮೊದಲು ಮನೆಯಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆದುಕೊಳ್ಳಿ. ಪುಟ್ಟ 42 ಇಂಚು. ಮೈನ್ ಟ್ರೇನಿಗೆ 38 ಸಾಕು. ಸ್ಪೇಸ್ ಮೌಂಟನ್ನಿಗೆ 44 ಬೇಕು. ಶೂ ಹಾಕಿದರೂ ಆಗಲಿಲ್ಲ, ಅವನು ಕಾಲ್ಬೆರಳ ಮೇಲೆ ನಿಂತದ್ದನ್ನು ಅಲ್ಲಿದ್ದ ಹುಡುಗಿ ನಗುತ್ತಲೇ ಕಂಡುಹಿಡಿದಳು. ಇಂಥ ಕಡೆ 'ರೈಡರ್ ಸ್ವಿಚ್' ಕೇಳಬೇಕು. ಮೊದಲು ಇವರೂ ಮಗಳೂ ಹೋದರು, ನಾನು ಪುಟ್ಟನ ಜೊತೆ ಹೊರಗೆ. ಅವರು ಬಂದ ಮೇಲೆ ನಾನು ಉದ್ದ ಕ್ಯೂನಲ್ಲಿ ನಿಲ್ಲದೆ ಹೋಗಬಹುದು, ಜೊತೆಗೆ ಮಗಳನ್ನೂ ಕರೆದುಕೊಂಡು ಹೋಗಬಹುದು. ಅವಳಿಗೆ ಎರಡೆರಡು ಸಲ! ಹಾಲಿವುಡ್ ಸ್ಟುಡಿಯೋಸಿನ ಮುನಿಸು ಅಲ್ಲಿಗೆ ಮುಗಿಯಿತು.

ಸಿಂಡ್ರೆಲಾ ಕೋಟೆ 189 ಅಡಿ. 200 ಮುಟ್ಟಿದರೆ ವಿಮಾನಗಳಿಗೆ ಕಾಣುವಂತೆ ತುದಿಯಲ್ಲಿ ಕೆಂಪು ದೀಪ ಹಾಕಬೇಕಾಗುತ್ತದೆ, ಅದಕ್ಕೇ ಕೆಳಗೇ ನಿಲ್ಲಿಸಿದ್ದಾರೆ. ಮೇಲೆ ಹೋದಂತೆ ಕಿಟಕಿ, ಇಟ್ಟಿಗೆ ಎಲ್ಲ ಸಣ್ಣದು ಮಾಡಿ ಇನ್ನೂ ಎತ್ತರ ಇದೆ ಅನ್ನಿಸುವ ಹಾಗೆ ಕಟ್ಟಿದ್ದಾರೆ. ವಾಲ್ಟ್ ಡಿಸ್ನಿ ಇದನ್ನು ನೋಡಲೇ ಇಲ್ಲ. ಆತ ತೀರಿಕೊಂಡದ್ದು 1966ರಲ್ಲಿ. ಅಣ್ಣ ರಾಯ್ ಕೆಲಸ ಮುಗಿಸಿ, ಜಾಗಕ್ಕೆ ತಮ್ಮನ ಪೂರ್ತಿ ಹೆಸರೇ ಇರಲಿ ಅಂತ 'ವಾಲ್ಟ್ ಡಿಸ್ನಿ ವರ್ಲ್ಡ್' ಮಾಡಿದರು. 1971ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು, ಡಿಸೆಂಬರಿನಲ್ಲಿ ರಾಯ್ ಕೂಡ ಹೋಗಿಬಿಟ್ಟರು.

ರಾತ್ರಿ ಪಟಾಕಿ ನೋಡಿ ಬಸ್ಸು ಹತ್ತಿದೆವು. ಇವರು ಸೀಟಿಗೆ ಒರಗಿ ನಿದ್ದೆ ಹೋದರು. ಕಾರಿದ್ದರೆ ಇವರೇ ಓಡಿಸಬೇಕಿತ್ತು.

ಮಂಗಳವಾರ

ಅನಿಮಲ್ ಕಿಂಗ್‌ಡಮ್ ಅತ್ತೆಯ ದಿನ. ಗೇಟಿನ ಹತ್ತಿರ ವ್ಹೀಲ್‌ಚೇರ್ ಬಾಡಿಗೆಗೆ ತಗೊಂಡೆವು. ಮೊದಲು "ನನಗೇನಾಗಿದೆ, ನಾನ್ಯಾಕೆ ಅದರಲ್ಲಿ ಕೂರಲಿ" ಅಂದರು. ಒಂದು ಸುತ್ತು ಹಾಕಿದ ಮೇಲೆ ಇಳಿಯುವ ಮಾತೇ ಇಲ್ಲ.

ಸಫಾರಿಯನ್ನು ಬೆಳಿಗ್ಗೆಯೇ ಮುಗಿಸಬೇಕು. ಬಿಸಿಲೇರಿದರೆ ಪ್ರಾಣಿಗಳೂ ನೆರಳು ಹುಡುಕುತ್ತವೆ. ತೆರೆದ ಟ್ರಕ್ಕಿನಲ್ಲಿ ಜಿರಾಫೆಗಳ ಪಕ್ಕದಲ್ಲೇ ಹೋದೆವು.

ಏಷ್ಯಾ ಭಾಗಕ್ಕೆ ಬಂದಾಗ ಅತ್ತೆ ಗಾಡಿ ನಿಲ್ಲಿಸಲು ಹೇಳಿದರು. ಬೋರ್ಡಿನಲ್ಲಿ 'ಆನಂದಪುರ' ಅಂತ! ಅದು ಡಿಸ್ನಿಯವರು ಕಲ್ಪಿಸಿಕೊಂಡ ಒಂದು ರಾಜ್ಯ. ಆದರೆ ಅತ್ತೆಯ ತವರು ಸಾಗರದ ಕಡೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಬರುವ ಆನಂದಪುರದಲ್ಲಿ ಅವರಿಗೆ ಇಂದಿಗೂ ನೆಂಟರಿದ್ದಾರೆ. "ಇಲ್ಲಿಂದ ಸಾಗರಕ್ಕೆ ಎಷ್ಟು ಹೊತ್ತಿಗೆ ಬಸ್ಸು ಕೇಳೋ" ಅಂತ ಮಗನಿಗೆ ಅಂದರು. ಮುಂದೆ ಹೋದರೆ 'ಕಾಳಿ ರಿವರ್ ರ‍್ಯಾಪಿಡ್ಸ್' ಅನ್ನುವ ನೀರಿನ ರೈಡು. ದಾಂಡೇಲಿಯ ಕಾಳಿಯಲ್ಲಿ ರಾಫ್ಟಿಂಗ್ ಮಾಡಿ ಬಂದಿದ್ದ ಇವರಿಗೆ ಇದು ಸಪ್ಪೆ ಅನ್ನಿಸಿತು. ಪುಟ್ಟನಿಗೆ ಇದೇ ಸ್ವರ್ಗ, ಯಾಕೆಂದರೆ ಇಲ್ಲಿ 38 ಇಂಚು ಸಾಕು.

ಹಳೇ ಸೈಕಲ್ಲು, ಮಾಸಿದ ಗೋಡೆ, ಹರಿದ ಪೋಸ್ಟರು, ತಲೆ ಮೇಲೆ ಜೋತು ಬಿದ್ದ ವೈರು, ಎಲ್ಲವನ್ನೂ ಕಷ್ಟಪಟ್ಟು ನಮ್ಮ ಕಡೆಯ ಹಾಗೇ ಮಾಡಿದ್ದಾರೆ. ಅಮೆರಿಕದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವು ನೋಡುತ್ತಾ ನಿಂತೆವು. ಪಾಳು ಬಿದ್ದ ಅರಮನೆಯೊಳಗೆ ಹುಲಿಗಳಿರುವ 'ಮಹಾರಾಜ ಜಂಗಲ್ ಟ್ರೆಕ್' ಮಾತ್ರ ನಿಜಕ್ಕೂ ಚೆನ್ನಾಗಿದೆ.

ಬುಧವಾರ

ಮತ್ತೆ ಟಿಕೆಟ್ ಇಲ್ಲದ ದಿನ. ಐದು ದಿನದ ಅವಕಾಶ ಇರುವುದೇ ಇದಕ್ಕೆ. ಮಧ್ಯಾಹ್ನ ಕ್ಯಾಬಲ್ಲಿ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಸನಾ ಅನ್ನುವ ಹೋಟೆಲಿಗೆ ಊಟಕ್ಕೆ ಹೋದೆವು. ಪಾರ್ಕ್ ಟಿಕೆಟ್ ಬೇಡ. ಕಿಟಕಿಯಾಚೆ ಜೀಬ್ರಾ ಮೇಯುತ್ತಿರುತ್ತವೆ. ನಾನ್, ಕುಲ್ಚಾ, ಪರಾಠದ ಜೊತೆ ಚಟ್ನಿ, ಉಪ್ಪಿನಕಾಯಿ ಅಂತ ಒಂಬತ್ತು ಬಟ್ಟಲು ತಂದಿಟ್ಟರು. ಸಸ್ಯಾಹಾರಿಗಳಿಗೆ ಡಿಸ್ನಿಯಲ್ಲಿ ಇದಕ್ಕಿಂತ ಒಳ್ಳೆಯ ಊಟ ನನಗೆ ಸಿಗಲಿಲ್ಲ. ಟೇಬಲ್ ಅರವತ್ತು ದಿನ ಮೊದಲೇ ಬುಕ್ ಮಾಡಬಹುದು.

ಗುರುವಾರ

ಸ್ಕೈಲೈನರಿನಲ್ಲಿ ಎಪ್ಕಾಟಿನ ಹಿಂಬಾಗಿಲಿಗೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದರು, ಅರ್ಧ ದಾರಿಯಲ್ಲಿ ತೆರೆದರು.

ಇಲ್ಲಿ ಅವರಿಗೆ ತುಂಬ ಹಿಡಿಸಿದ್ದು 180 ಅಡಿಯ ಆ ದೊಡ್ಡ ಗೋಳವಲ್ಲ. 'ಲಿವಿಂಗ್ ವಿತ್ ದ ಲ್ಯಾಂಡ್' ಅನ್ನುವ ದೋಣಿ ಸವಾರಿ. ಗಾಜಿನ ಮನೆಗಳ ನಡುವೆ ದೋಣಿ ನಿಧಾನಕ್ಕೆ ಹೋಗುತ್ತದೆ. ಮಣ್ಣಿಲ್ಲದೆ, ನೀರು ಗೊಬ್ಬರದಲ್ಲೇ ಬೆಳೆಸಿದ ಟೊಮೆಟೊ, ಬದನೆ, ಸೌತೆ. ಕ್ಯೂ ಹತ್ತು ನಿಮಿಷ ಕೂಡ ಇರಲಿಲ್ಲ. ಎರಡು ಸಲ ಹೋದೆವು.

ಮಧ್ಯಾಹ್ನದ ಮೇಲೆ ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪಗಳು. ಮೆಕ್ಸಿಕೊ, ನಾರ್ವೆ, ಚೀನಾದಿಂದ ಹಿಡಿದು ಕೆನಡಾವರೆಗೆ. ಜಪಾನ್ ಇದೆ, ಮೊರಾಕೊ ಇದೆ, ಭಾರತ ಇಲ್ಲ. "ಆನಂದಪುರ ಮಾಡಿದವರಿಗೆ ಇಲ್ಲೊಂದು ಮಾಡೋಕೆ ಏನಾಗಿತ್ತು" ಅಂದರು ಅತ್ತೆ. ಸಂಜೆ ಗುಡುಗು ಶುರುವಾಯಿತು. ಮಿಂಚು ಬಂದರೆ ಹೊರಗಿನ ರೈಡುಗಳೂ ಸ್ಕೈಲೈನರೂ ನಿಲ್ಲುತ್ತವೆ. ಬಸ್ಸು ಬಿಟ್ಟರು, ಒದ್ದೆಯಾಗಿ ರೂಮು ಸೇರಿದೆವು.

ಶುಕ್ರವಾರ

ಕಾರಿನ ದಿನ. ಇವರು ಬೆಳಿಗ್ಗೆಯೇ ಶೇವ್ ಮಾಡಿ ರೆಡಿ.

ಏರ್‌ಪೋರ್ಟಿನಿಂದ ತಗೊಂಡರೆ ಬಿಲ್ಲಿನಲ್ಲಿ ಏರ್‌ಪೋರ್ಟಿನ ಫೀಸುಗಳು ಸೇರಿಕೊಳ್ಳುತ್ತವೆ. ಊರೊಳಗಿನ ಕೌಂಟರಿನಿಂದ ತಗೊಂಡು, ಏರ್‌ಪೋರ್ಟಲ್ಲಿ ಬಿಡುವ ಹಾಗೆ ಬುಕ್ ಮಾಡಿದ್ದೆವು. ಜಾಲತಾಣದಲ್ಲಿ ದೊಡ್ಡಕ್ಷರದಲ್ಲಿ ಕಾಣುವ ದಿನದ ಬಾಡಿಗೆಯನ್ನು ನಂಬಬಾರದು. ತೆರಿಗೆ, ರಾಜ್ಯದ ದಿನಕ್ಕೆ 2 ಡಾಲರ್ ಸರ್‌ಚಾರ್ಜ್, ಮಕ್ಕಳ ಸೀಟು, ಇನ್ಶೂರೆನ್ಸ್ ಎಲ್ಲ ಸೇರಿದ ಕೊನೆಯ ಮೊತ್ತವನ್ನೇ ಒಂದಕ್ಕೊಂದು ಹೋಲಿಸಬೇಕು.

ಇನ್ಶೂರೆನ್ಸಿನಲ್ಲಿ ಎರಡು ಭಾಗ. ಬಾಡಿಗೆ ಕಾರಿಗೇ ಏಟಾದರೆ ಒಂದು, ನಾವು ಬೇರೆಯವರಿಗೆ ಗುದ್ದಿದರೆ ಇನ್ನೊಂದು. ಅಮೆರಿಕದ ಆಸ್ಪತ್ರೆ ಬಿಲ್ಲು ಎಂಥದ್ದು ಅಂತ ಕೇಳಿದವರು ಎರಡನೆಯದನ್ನು ಬಿಡುವುದಿಲ್ಲ. ನಾವು ಎರಡೂ ಸೇರಿದ ರೇಟನ್ನೇ ಬೆಂಗಳೂರಿಂದ ಬುಕ್ ಮಾಡಿ ಕಾಗದ ಪ್ರಿಂಟ್ ಹಾಕಿಸಿದ್ದೆವು. ಕೌಂಟರಿನ ಹುಡುಗ ಟಯರಿಗೆ ಒಂದು, ಗಾಜಿಗೆ ಒಂದು, ಮುಂಗಡ ಪೆಟ್ರೋಲಿಗೆ ಒಂದು ಅಂತ ಸೇರಿಸುತ್ತಾ ಹೋದ. ಇವರು ಕಾಗದ ಮುಂದಿಟ್ಟು ಎಲ್ಲಕ್ಕೂ "ನೋ, ಥ್ಯಾಂಕ್ಯೂ" ಅಂದರು. ಡಿಪಾಸಿಟ್ಟಿಗೆ ಕ್ರೆಡಿಟ್ ಕಾರ್ಡೇ ಬೇಕು, ಅದೂ ಓಡಿಸುವವರ ಹೆಸರಿನದ್ದೇ. ಡೆಬಿಟ್ ಕಾರ್ಡ್ ನಂಬಿಕೊಂಡು ಹೋದರೆ ತೊಂದರೆ.

ಐದು ಜನ, ಸೂಟ್‌ಕೇಸು ಬೇರೆ, ಹಾಗಾಗಿ ಮಿನಿವ್ಯಾನ್. ಪುಟ್ಟನಿಗೆ ಐದು ವರ್ಷ. ಫ್ಲಾರಿಡಾ ಕಾನೂನಿನ ಪ್ರಕಾರ ಅವನಿಗೆ ಮಕ್ಕಳ ಸೀಟು ಕಡ್ಡಾಯ. ಬಾಡಿಗೆಗೆ ತಗೊಳ್ಳುವುದರ ಬದಲು ಅಂಗಡಿಯಲ್ಲಿ ಮಗುವನ್ನು ಎತ್ತರಕ್ಕೆ ಕೂರಿಸುವ ಸಾದಾ ಬೂಸ್ಟರ್ ಸೀಟು ಕೊಂಡೆವು, ಅಗ್ಗವಾಯಿತು.

ಮೊದಲ ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡಿತು. ಅಲ್ಲಿ ಎರಡೂ ಅದಲು ಬದಲು. ಮಕ್ಕಳಿಗೆ ದಿನವಿಡೀ ಅದೇ ನಗು. ರಸ್ತೆಗೆ ಒಗ್ಗಿಕೊಳ್ಳುವುದು ಅಷ್ಟು ಕಷ್ಟವಲ್ಲ, ನಿಯಮಗಳೇ ಬೇರೆ. ಸ್ಟಾಪ್ ಬೋರ್ಡ್ ಇದ್ದರೆ ರಸ್ತೆ ಖಾಲಿ ಇದ್ದರೂ ಪೂರ್ತಿ ನಿಲ್ಲಬೇಕು. ಕೆಂಪು ದೀಪದಲ್ಲೂ, ಬೇಡ ಅಂತ ಬೋರ್ಡ್ ಇಲ್ಲದಿದ್ದರೆ, ನಿಂತು ನೋಡಿ ಬಲಕ್ಕೆ ತಿರುಗಬಹುದು. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರು ಮಾತ್ರವಲ್ಲ, ನಡುವೆ ಡಿವೈಡರ್ ಇಲ್ಲದ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಮೊದಲ ದಿನ ನಾನು ಪಕ್ಕದಲ್ಲಿ ಕೂತು "ರೀ, ಬಲಕ್ಕೆ, ಬಲಕ್ಕೆ" ಅಂತ ಜಪ ಮಾಡಿದೆ.

ಸಂಜೆ ಕಿಸಿಮ್ಮಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಸೇರಿದೆವು. ಪಬ್ಲಿಕ್ಸ್ ಅನ್ನುವ ಅಂಗಡಿಯಲ್ಲಿ ಅಕ್ಕಿ, ಮೊಸರು, ಜೊತೆಗೆ ಸನ್‌ಪಾಸ್ ಡಬ್ಬಿ. ಅದು ಅಲ್ಲಿಯ ಫಾಸ್ಟ್ಯಾಗ್. ಒರ್ಲಾಂಡೊ ಸುತ್ತ ಟೋಲ್ ರಸ್ತೆಗಳು ಬಹಳ, ಎಷ್ಟೋ ಕಡೆ ಕಾಸು ತಗೊಳ್ಳುವವರೇ ಇಲ್ಲ. ಬಾಡಿಗೆ ಕಂಪನಿಗಳ ಟೋಲ್ ಸೇವೆಗೆ ಸಾಮಾನ್ಯವಾಗಿ ಟೋಲಿನ ಮೇಲೆ ದಿನದ ಫೀಸು ಬೇರೆ ಇರುತ್ತದೆ. ಕಾರಿನ ಗಾಜಿಗೆ ಅವರದ್ದೇ ಪೆಟ್ಟಿಗೆ ಅಂಟಿಸಿದ್ದರೆ ಅದನ್ನು ಮುಚ್ಚಿ, ನಮ್ಮ ಡಬ್ಬಿಗೆ ಕಾರಿನ ನಂಬರ್ ಸೇರಿಸಿಕೊಳ್ಳಬೇಕು. ಅತ್ತೆ ಆ ರಾತ್ರಿ ತಿಳಿಸಾರು ಮಾಡಿದರು. ಯಾರೂ ಮಾತಾಡದೆ ಊಟ ಮಾಡಿದೆವು.

ಶನಿವಾರ

ಕೆನೆಡಿ ಸ್ಪೇಸ್ ಸೆಂಟರ್. ಬೀಚ್‌ಲೈನ್ ಅನ್ನುವ 528ನೇ ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು ಒಂದು ಗಂಟೆ. ಇಡೀ ಪ್ರವಾಸದಲ್ಲಿ ಕಾರಿಗೆ ಕೊಟ್ಟ ಹಣ ಸಾರ್ಥಕ ಅನ್ನಿಸಿದ್ದು ಇವತ್ತು.

ಪೆಟ್ರೋಲಿನ ಬಗ್ಗೆ ಒಂದು ಮಾತು. ಪಂಪಿನಲ್ಲೇ ಕಾರ್ಡ್ ಹಾಕಿದರೆ ಅಲ್ಲಿನ ಪಿನ್ ಕೋಡ್ ಕೇಳುತ್ತದೆ. ನಮ್ಮ ಕಾರ್ಡುಗಳು ಅಲ್ಲೇ ನಿಂತುಬಿಡುತ್ತವೆ. ಒಳಗೆ ಹೋಗಿ "ಇಂಥ ಪಂಪಿಗೆ ಮೂವತ್ತು ಡಾಲರ್" ಅಂತ ಮೊದಲೇ ಕೊಟ್ಟು ಬರಬೇಕು. ಅಷ್ಟು ಹಿಡಿಸದಿದ್ದರೆ ಉಳಿದದ್ದು ವಾಪಸ್.

ಅಟ್ಲಾಂಟಿಸ್ ಅನ್ನುವ ಷಟಲ್ ನೌಕೆಯನ್ನು ಇಟ್ಟಿರುವ ಕಟ್ಟಡದಲ್ಲಿ ಮೊದಲು ಒಂದು ಚಿತ್ರ ತೋರಿಸುತ್ತಾರೆ, ಆಮೇಲೆ ಪರದೆ ಸರಿದು ನಿಜವಾದ ನೌಕೆ ಎದುರಿಗೆ ನಿಂತಿರುತ್ತದೆ. 33 ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದು. 2011ರ ಜುಲೈನ ಕೊನೆಯ ಷಟಲ್ ಯಾನವೂ ಇದರದ್ದೇ. ಹೊಟ್ಟೆಯ ಕೆಳಗೆ ಸುಟ್ಟ ಗುರುತುಗಳು ಹಾಗೇ ಇವೆ. ಒಂದು ಪಕ್ಕಕ್ಕೆ ವಾಲಿಸಿ ನಿಲ್ಲಿಸಿದ್ದಾರೆ, ಸರಿಯಾಗಿ 43.21 ಡಿಗ್ರಿ. ನಾಲ್ಕು, ಮೂರು, ಎರಡು, ಒಂದು.

ಅದೇ ಕಟ್ಟಡದ ಕೆಳಗೆ ಚಾಲೆಂಜರ್ ಮತ್ತು ಕೊಲಂಬಿಯಾ ನೌಕೆಗಳ ದುರಂತದಲ್ಲಿ ತೀರಿಕೊಂಡ ಹದಿನಾಲ್ಕು ಜನರ ಸ್ಮಾರಕ. ಕಲ್ಪನಾ ಚಾವ್ಲಾ ಹೆಸರೂ ಇದೆ. ಕೊಲಂಬಿಯಾದ ಮುಂಭಾಗದ ಕಿಟಕಿಗಳ ಚೌಕಟ್ಟು, ಗಾಜಿಲ್ಲದ ಬರೀ ಚೌಕಟ್ಟು, ಇಟ್ಟಿದ್ದಾರೆ. ಮಗಳ ಶಾಲೆಯ ಪುಸ್ತಕದಲ್ಲಿ ಕಲ್ಪನಾ ಪಾಠ ಇತ್ತು. ಅವಳು ಬಹಳ ಹೊತ್ತು ಅಲ್ಲೇ ನಿಂತಳು. ನಾನು ಕರೆಯಲಿಲ್ಲ.

ಟಿಕೆಟ್ಟಿನಲ್ಲೇ ಸೇರಿರುವ ಬಸ್ಸು 525 ಅಡಿ ಎತ್ತರದ, ರಾಕೆಟ್ ಜೋಡಿಸುವ ಕಟ್ಟಡದ ಪಕ್ಕದಿಂದ ಸ್ಯಾಟರ್ನ್ 5 ರಾಕೆಟ್ ಇರುವಲ್ಲಿಗೆ ಕರೆದೊಯ್ಯುತ್ತದೆ. 363 ಅಡಿ ಉದ್ದ, ಮಲಗಿಸಿಟ್ಟಿದ್ದಾರೆ. ದೂರದಲ್ಲಿ 39ಎ ಉಡಾವಣಾ ಕಟ್ಟೆ. 1969ರಲ್ಲಿ ಅಪೊಲೊ 11 ಹೊರಟದ್ದು ಅಲ್ಲಿಂದಲೇ, 2025ರ ಜೂನಿನಲ್ಲಿ ನಮ್ಮ ಶುಭಾಂಶು ಶುಕ್ಲಾ ಹೊರಟದ್ದೂ ಅಲ್ಲಿಂದಲೇ. ಪುಟ್ಟನಿಗೆ ಇಲ್ಲಿ ಎತ್ತರ ಅಳೆಯುವವರು ಸಿಗಲಿಲ್ಲ ಅನ್ನುವುದೇ ಸಂತೋಷ.

ಬೆಳಿಗ್ಗೆ ಬೇಗ ಹೋಗಿ. ನಮಗೆ ಇಡೀ ದಿನವೂ ಸಾಲಲಿಲ್ಲ.

ಭಾನುವಾರ

ಕ್ಯಾಸಲ್‌ಬೆರಿಯ ಹಿಂದೂ ದೇವಸ್ಥಾನ, ಮಧ್ಯಾಹ್ನ ಬಟ್ಟೆ ಒಗೆಯುವುದು, ಸಂಜೆ ನಿದ್ದೆ. ದೇವಸ್ಥಾನದಲ್ಲಿ ಹಾಸನದ ಕಡೆಯ ಒಬ್ಬರು ಸಿಕ್ಕಿ ಅತ್ತೆಗೆ ಅರ್ಧ ಗಂಟೆ ಮಾತು ಸಿಕ್ಕಿತು.

ಸೋಮವಾರ

ಯೂನಿವರ್ಸಲ್. ಅತ್ತೆ "ನಂದು ಆಯ್ತಪ್ಪ" ಅಂತ ಮನೆಯಲ್ಲೇ ಉಳಿದರು.

ಯೂನಿವರ್ಸಲ್ ಸ್ಟುಡಿಯೋಸ್ (1990), ಐಲ್ಯಾಂಡ್ಸ್ ಆಫ್ ಅಡ್ವೆಂಚರ್ (1999) ಎರಡೂ ಅಕ್ಕಪಕ್ಕ. ಎರಡರ ನಡುವೆ ಹ್ಯಾರಿ ಪಾಟರ್ ಕಥೆಯ ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ರೈಲು ಓಡುತ್ತದೆ. ಆ ರೈಲು ಹತ್ತಬೇಕಾದರೆ ಎರಡೂ ಪಾರ್ಕಿನ ಟಿಕೆಟ್ ಇರಬೇಕು. ಹಾಗಾಗಿ ಡಿಸ್ನಿಯಲ್ಲಿ ಬೇಡ ಅಂದದ್ದನ್ನು ಇಲ್ಲಿ ತಗೊಂಡೆವು. ಮಗಳು ಇಷ್ಟು ದೂರ ಬಂದದ್ದೇ ಆ ರೈಲಿಗಾಗಿ. ಹೋಗುವಾಗ ಕಿಟಕಿಯಲ್ಲಿ ಕಾಣುವ ದೃಶ್ಯ ಬೇರೆ, ಬರುವಾಗ ಬೇರೆ. 2025ರ ಮೇನಲ್ಲಿ ತೆರೆದ ಇವರದ್ದೇ ಇನ್ನೊಂದು ಪಾರ್ಕ್ ಎಪಿಕ್ ಯೂನಿವರ್ಸ್ ಸ್ವಲ್ಪ ದೂರ, ಅದಕ್ಕೆ ಬೇರೆಯೇ ದಿನ ಬೇಕು. ಬಿಟ್ಟೆವು.

ಇಲ್ಲಿಯ ದೊಡ್ಡ ರೈಡುಗಳಲ್ಲಿ ಹಲವಕ್ಕೆ 48 ಇಂಚು ಅಥವಾ ಅದಕ್ಕಿಂತ ಜಾಸ್ತಿ ಎತ್ತರ ಬೇಕು. ಪುಟ್ಟನ ವಯಸ್ಸಿನ ಮಕ್ಕಳಿಗೆ ಯೂನಿವರ್ಸಲ್ಲಿಗಿಂತ ಡಿಸ್ನಿಯಲ್ಲೇ ಜಾಸ್ತಿ ಸಿಗುತ್ತದೆ. ಕ್ಯೂ ತಪ್ಪಿಸುವ ಇಲ್ಲಿನ ಎಕ್ಸ್‌ಪ್ರೆಸ್ ಪಾಸಿನ ಬೆಲೆ ಕೆಲವು ದಿನ ಟಿಕೆಟ್ಟಿಗಿಂತ ಜಾಸ್ತಿ. ಅಷ್ಟು ಕೊಡುವ ಬದಲು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಪಾರ್ಕಿಂಗ್ ಮೂವತ್ತು ಡಾಲರ್ ದಾಟುತ್ತದೆ. ನಿಲ್ಲಿಸಿದ ಮಹಡಿ, ಸಾಲಿನ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಎಲ್ಲ ಮಿನಿವ್ಯಾನುಗಳೂ ಒಂದೇ ಥರ ಕಾಣುತ್ತವೆ.

ಮಂಗಳವಾರ

ವೆಕೈವಾ ಬುಗ್ಗೆ. ಒಂದು ಕಾರಿಗೆ 6 ಡಾಲರ್, ಒಳಗೆ ಎಂಟು ಜನರವರೆಗೂ ಇರಬಹುದು. ಹಿಂದಿನ ದಿನ ಕೊಟ್ಟ ಮೊತ್ತ ನೆನೆಸಿಕೊಂಡು ಇವರು ಗೇಟಿನವರಿಗೆ "ಅಷ್ಟೇನಾ?" ಅಂತ ಕನ್ನಡದಲ್ಲೇ ಕೇಳಿಬಿಟ್ಟರು. ನೆಲದಡಿಯಿಂದ ಬರುವ ನೀರು ವರ್ಷವಿಡೀ 22 ಡಿಗ್ರಿ, ತಳದ ಮರಳು ಕಾಣುವಷ್ಟು ತಿಳಿ. ಶನಿವಾರ, ಭಾನುವಾರ ಬೇಗ ತುಂಬಿ ಗೇಟು ಮುಚ್ಚುತ್ತಾರೆ, ಅದಕ್ಕೇ ವಾರದ ನಡುವೆ ಇಟ್ಟುಕೊಂಡದ್ದು. ಅತ್ತೆ ಸೀರೆ ಎತ್ತಿಕಟ್ಟಿ ಮಂಡಿವರೆಗೆ ಇಳಿದರು. ಮಕ್ಕಳನ್ನು ಮೇಲೆ ಎಬ್ಬಿಸುವುದೇ ಕಷ್ಟವಾಯಿತು. ಇಡೀ ಪ್ರವಾಸದಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ಪುಟ್ಟ ಇದನ್ನೇ ಹೇಳುತ್ತಾನೆ.

ಬುಧವಾರ

ಏರ್‌ಪೋರ್ಟಿನ ಬಾಗಿಲಲ್ಲೇ ಇರುವ ಕೆಲವು ಬಂಕುಗಳಲ್ಲಿ ರೇಟು ಸಿಕ್ಕಾಪಟ್ಟೆ ಜಾಸ್ತಿ. ಕಿಸಿಮ್ಮಿಯಲ್ಲೇ ತುಂಬಿಸಿ, ಬಿಲ್ಲು ಇಟ್ಟುಕೊಂಡು ಹೊರಟೆವು. ಕಾರು ಒಪ್ಪಿಸುವಾಗ ನಾಲ್ಕು ಕಡೆಯಿಂದ, ಮೀಟರಿನದ್ದೂ, ಪೆಟ್ರೋಲ್ ಮುಳ್ಳಿನದ್ದೂ ಫೋಟೊ. ಬೂಸ್ಟರ್ ಸೀಟನ್ನು ಹಿಂದಿನ ಸಂಜೆ ಪಕ್ಕದ ಬಾಡಿಗೆ ಮನೆಗೆ ಬಂದಿದ್ದ ಗುಜರಾತಿ ಕುಟುಂಬಕ್ಕೆ ಕೊಟ್ಟಿದ್ದೆವು. ಫೋನಲ್ಲಿ ಸನ್‌ಪಾಸ್ ಖಾತೆಯಿಂದ ಕಾರಿನ ನಂಬರ್ ತೆಗೆದದ್ದು ಚೆಕ್-ಇನ್ ಸಾಲಿನಲ್ಲಿ ನಿಂತಾಗ. ತೆಗೆಯದಿದ್ದರೆ ಆ ಕಾರನ್ನು ಮುಂದೆ ತಗೊಂಡವರ ಟೋಲೂ ನಮ್ಮ ಲೆಕ್ಕಕ್ಕೇ ಬೀಳಬಹುದು. ಡಿಪಾಸಿಟ್ ಹಣ ನಾವು ಬೆಂಗಳೂರಿಗೆ ಬಂದ ಮೇಲೆ ಕಾರ್ಡಿಗೆ ವಾಪಸಾಯಿತು. ಸನ್‌ಪಾಸ್ ಡಬ್ಬಿಯನ್ನು ಡಿಸೆಂಬರಿನಲ್ಲಿ ಹೋಗಲಿರುವ ನನ್ನ ತಮ್ಮ ಕೇಳಿ ತಗೊಂಡು ಹೋದ. ಅವನೂ ಏರ್‌ಪೋರ್ಟಲ್ಲೇ ಕಾರು ಅಂತಿದ್ದಾನೆ.